ತುಂಬಿದ ವರ್ಷ, ನಡೆಯುವ ವರ್ಷ

(ಬಾನುಲಿ ಭಾಷಣ)

ಯೆಹೂದ್ಯರ ಪುರಾತನ ರಾಜರ ಕಥನವನ್ನು ಒಳಗೊಂಡ ಭಾಗಕ್ಕೆ ಕನ್ನಡ ಬೈಬಲಿನಲ್ಲಿ ‘ಅರಸುಗಳು’ ಎಂದು ಹೆಸರು. ಅದರ ಎರಡನೆಯ ಪುಸ್ತಕದ 8ನೆಯ ಅಧ್ಯಾಯದಲ್ಲಿ, ಯೆಹೂದ ರಾಜ್ಯದ ಅಹಜ್ಯನೆಂಬ ಅರಸನು ಪಟ್ಟಕ್ಕೆ ಬಂದದ್ದು ಇಸ್ರಾಯೇಲಿನ ಅರಸನಾದ ಯೋರಾಮನ ಆಳ್ವಿಕೆಯ 12ನೆಯ ವರ್ಷದಲ್ಲಿ ಎಂದಿದೆ. ಮುಂದಿನ ಅಧ್ಯಾಯದಲ್ಲಿ ಅದೇ ಅಹಜ್ಯನು ಅದೇ ಯೋರಾಮನ 11ನೆಯ ವರ್ಷದಲ್ಲಿ ಪಟ್ಟಕ್ಕೆ ಬಂದನೆಂದಿದೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಈ ಎರಡು ವಾಕ್ಯಗಳನ್ನು ಗುರುತುಮಾಡಿಕೊಂಡು, ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಇತಿಹಾಸ ವಿಭಾಗದ ಹಿರಿಯರೊಬ್ಬರ ಮುಂದೆ ಇಟ್ಟೆ. ಅವರು ಕ್ರೈಸ್ತರು, ಬೆಳಗಿನ ಮೊದಲ ಗಂಟೆಗೆ ಮುಂಚೆಯೇ ಬಂದು, ಕಿಟಕಿಯ ಬಳಿ ಕುಳಿತು, ಸತ್ಯವೇದದ ಒಂದು ಅಧ್ಯಾಯವನ್ನು ಓದಿ ಮುಗಿಸಿದ ಮೇಲೆಯೇ ಹಾಜರಿ ಪುಸ್ತಕಕ್ಕೆ ಕೈಹಾಕುತ್ತಿದ್ದವರು. ನನ್ನ ಉದ್ದೇಶ ತಿಳಿದುಕೊಳ್ಳುವುದಾಗಿರಲಿಲ್ಲ, ನಾಲ್ಕು ಜನರ ಎದುರಿಗೆ ಅವರನ್ನು ಹಂಗಿಸುವುದಾಗಿತ್ತು. ಇದನ್ನು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. ಅವರು ಎರಡೂ ವಾಕ್ಯಗಳನ್ನು ನಿಧಾನವಾಗಿ ಓದಿ, ಕನ್ನಡಕ ತೆಗೆದು, “ಮೇಷ್ಟ್ರೇ, ತಾವು ಶಾಸನ ಪಾಠ ಹೇಳುವವರು. ಒಂದೇ ಕಲ್ಲಿನಲ್ಲಿ ಹೀಗೆ ಎರಡು ಲೆಕ್ಕ ಬಂದರೆ ತಾವು ಏನು ಮಾಡುತ್ತೀರಿ?” ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಅದನ್ನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಕಲ್ಲು ಕೊರೆದವನು ತಪ್ಪಿದನೆಂದು ಹೇಳುವ ಮೊದಲು, ಅವನು ಯಾವ ಲೆಕ್ಕದಲ್ಲಿ ಎಣಿಸುತ್ತಿದ್ದನೆಂಬುದನ್ನು ಕೇಳಬೇಕು. ಇದು ಶಾಸನ ವಿದ್ಯಾರ್ಥಿ ಕಲಿಯುವ ಮೊದಲ ಪಾಠ. ನಮ್ಮ ಕಲ್ಲುಗಳಿಗೆ ತೋರಿಸುತ್ತಿದ್ದ ಆ ಸೌಜನ್ಯವನ್ನು ಮತ್ತೊಬ್ಬರ ಗ್ರಂಥಕ್ಕೆ ತೋರಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಇವೊತ್ತಿನ ಭಾಷಣ ಆ ದಿನದ ಬಾಕಿ. ಕೇಳುವವರು ಒಂದು ಚೂರು ಕಾಗದವನ್ನೂ ಸೀಸದ ಕಡ್ಡಿಯನ್ನೂ ಕೈಯಲ್ಲಿಟ್ಟುಕೊಂಡರೆ ಅನುಕೂಲ. ಕೂಡಿಸಿ ಕಳೆಯುವ ಕೆಲಸ ಸ್ವಲ್ಪ ಇದೆ.

ನಾನು ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದವನು. ಊರಿನಲ್ಲಿ ಮುಕ್ತೀಶ್ವರಸ್ವಾಮಿಯ ದೇವಾಲಯವಿದೆ. ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ನಡೆಯುವ ಆ ಊರಿನಲ್ಲಿ ಬೆಳೆದ ಹುಡುಗನಿಗೆ, ಕಾಲವನ್ನು ಒಂದೇ ರೀತಿಯಲ್ಲಿ ಎಣಿಸಬೇಕಾದ ಕಟ್ಟಿಲ್ಲ ಎಂಬುದು ಪಾಠವಿಲ್ಲದೆಯೇ ತಿಳಿಯಬೇಕಿತ್ತು. ದೇವಾಲಯದ ಶಿವರಾತ್ರಿ ಯಾವ ವರ್ಷವೂ ಮಾಘ ಮಾಸವನ್ನು ಬಿಟ್ಟು ಕದಲದು. ದರ್ಗಾದ ಉರುಸು ವರ್ಷ ವರ್ಷವೂ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ, ಒಮ್ಮೆ ಬೇಸಗೆಯಲ್ಲಿ, ಒಮ್ಮೆ ಚಳಿಯಲ್ಲಿ, ಒಮ್ಮೆ ಮಳೆಯಲ್ಲಿ ಬರುತ್ತದೆ. ಅಧಿಕಮಾಸವಿಲ್ಲದ ಚಾಂದ್ರ ವರ್ಷದ ಸ್ವಭಾವವೇ ಅದು. ನಮ್ಮ ಪಂಚಾಂಗದ ಪ್ರಕಾರ 66 ತುಂಬಿದವನಿಗೆ ಹಿಜರಿ ಲೆಕ್ಕದಲ್ಲಿ 68 ತುಂಬಿರುತ್ತದೆ. ನೆರೆಮನೆಯ ಮುದುಕಿಯೊಬ್ಬರು ತಮ್ಮ ವಯಸ್ಸನ್ನು ಉರುಸಿನಿಂದ ಉರುಸಿಗೆ ಎಣಿಸುತ್ತಿದ್ದರು. ಅವರ ಮಗ ರೇಷನ್ ಚೀಟಿಯಿಂದ ಎಣಿಸುತ್ತಿದ್ದ. ತಾಯಿ ಮಗನಿಗೆ ಈ ವಿಷಯದಲ್ಲಿ ಎಂದೂ ಹೊಂದಿಕೆಯಾಗಲಿಲ್ಲ. ಆದರೆ ಇಬ್ಬರೂ ಸುಳ್ಳು ಹೇಳಿದವರಲ್ಲ.

ದಿನವೆಂಬುದು ಕೂಡ ಎಲ್ಲರಿಗೂ ಒಂದೇ ಹೊತ್ತಿಗೆ ಹುಟ್ಟುವುದಿಲ್ಲ. ನಮಗೆ ಸೂರ್ಯೋದಯದಿಂದ ದಿನ, ದರ್ಗಾದ ಲೆಕ್ಕದಲ್ಲಿ ಸೂರ್ಯಾಸ್ತದಿಂದ. ಗುರುವಾರವನ್ನು ‘ಜುಮ್ಮೇರಾತ್’ ಎನ್ನುತ್ತಾರಲ್ಲ, ಆ ಶಬ್ದವನ್ನು ಬಿಡಿಸಿ ನೋಡಿದರೆ ಶುಕ್ರವಾರದ ರಾತ್ರಿ ಎಂದೇ ಅರ್ಥ. ನಮ್ಮ ಗುರುವಾರದ ಇರುಳು ಅವರಿಗೆ ಆಗಲೇ ಶುಕ್ರವಾರ. ಯೆಹೂದ್ಯರ ದಿನವೂ ಹೀಗೆ ಸಂಜೆಯಿಂದಲೇ ತೊಡಗುತ್ತದೆ.

ಇನ್ನು ಎಣಿಕೆ. ಸೋಮವಾರ ತೀರಿಕೊಂಡವರಿಗೆ ಮೂರನೆಯ ದಿನದ ಹಾಲುತುಪ್ಪ ಯಾವಾಗ? ಬುಧವಾರ. ತೀರಿಕೊಂಡ ದಿನವೇ ಮೊದಲನೆಯ ದಿನ. ಇಂಗ್ಲಿಷ್ ಲೆಕ್ಕ ಕಲಿತವನು ಸೋಮವಾರದಿಂದ ಬುಧವಾರಕ್ಕೆ ಎರಡೇ ದಿನವಲ್ಲವೆ ಎಂದು ವಾದಿಸಬಹುದು. ಹಳ್ಳಿಯಲ್ಲಿ ಆ ವಾದವನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳರು. ಯೇಸು ಶುಕ್ರವಾರ ಶಿಲುಬೆಗೇರಿ, ಭಾನುವಾರ ಬೆಳಗ್ಗೆ ಮೂರನೆಯ ದಿನ ಎದ್ದನೆಂಬ ಮಾತಿನಲ್ಲಿ ಪೂರ್ತಿ ಎರಡು ದಿನಗಳೂ ಇಲ್ಲವೆಂದು ಆಕ್ಷೇಪಿಸುವವರಿದ್ದಾರೆ. ಹಾಲುತುಪ್ಪ ಬಿಟ್ಟು ಬಂದ ನಮ್ಮ ಕಡೆಯ ಯಾವನಿಗೂ ಈ ಸಂದೇಹ ಹುಟ್ಟಲಾರದು.

ನಮ್ಮ ಭಾಷೆಯಲ್ಲಿಯೇ ಈ ಭೇದಕ್ಕೆ ಸೊಗಸಾದ ಮಾತುಗಳಿವೆ. ವಯಸ್ಸೆಷ್ಟು ಎಂದು ಕೇಳಿದರೆ, “ಹತ್ತು ತುಂಬಿತು, ಹನ್ನೊಂದು ನಡೀತಿದೆ” ಎನ್ನುತ್ತೇವೆ. ಒಂದೇ ಮಗುವಿಗೆ ಒಂದೇ ದಿನ ಎರಡು ವಯಸ್ಸು. ಶಾಸನಶಾಸ್ತ್ರದ ‘ಗತ’ ಮತ್ತು ‘ವರ್ತಮಾನ’ ವರ್ಷಗಳು ಇದಕ್ಕಿಂತ ಬೇರೆಯಲ್ಲ. ಬಾದಾಮಿಯ ಗುಹೆಯಲ್ಲಿ ಮಂಗಲೇಶನ ಶಾಸನವು ಶಕ ವರ್ಷ 500 ಕಳೆದಿತ್ತೆಂದು ಸ್ಪಷ್ಟವಾಗಿ ಹೇಳುವುದರಿಂದ ನಾವು ಅದನ್ನು ಕ್ರಿ.ಶ. 578 ಎಂದು ಹಿಂಜರಿಯದೆ ಬರೆಯುತ್ತೇವೆ. ಎಲ್ಲ ಶಾಸನಗಳಿಗೂ ಇಷ್ಟು ದಯೆಯಿಲ್ಲ. ಬರಿಯ ಅಂಕಿಯನ್ನು ಕೊಟ್ಟು ಸುಮ್ಮನಾಗುವ ಶಾಸನಗಳೇ ಹೆಚ್ಚು. ಆಗ ಸಂವತ್ಸರದ ಹೆಸರು, ತಿಥಿ, ವಾರಗಳು ನಮಗೆ ಸಾಕ್ಷಿಗಳಾಗುತ್ತವೆ.

ಸಾಹಿತ್ಯಾಸಕ್ತರಿಗೆ ಪರಿಚಿತವಾದ ನಿದರ್ಶನವೆಂದರೆ ಪಂಪನದು. ತಾನು ಹುಟ್ಟಿದ್ದು ದುಂದುಭಿ ಸಂವತ್ಸರದಲ್ಲಿ ಎಂದೂ, ಆದಿಪುರಾಣವನ್ನು ಮುಗಿಸಿದ್ದು ಶಕ 863ರ ಪ್ಲವ ಸಂವತ್ಸರದಲ್ಲಿ ಎಂದೂ ಅವನೇ ತಿಳಿಸಿದ್ದಾನೆ. 863 ತುಂಬಿದ ವರ್ಷವಾದರೆ ಕ್ರಿ.ಶ. 941, ನಡೆಯುವ ವರ್ಷವಾದರೆ 940. ಆದರೆ 940ರಲ್ಲಿದ್ದುದು ಶಾರ್ವರಿ, ಪ್ಲವ ಬಂದದ್ದು 941ರಲ್ಲಿ. ಅಲ್ಲಿಗೆ ಸಂದೇಹ ತೀರಿತು. ದುಂದುಭಿಯೆಂದರೆ 902. ಹಾಗಾದರೆ ಆದಿಪುರಾಣ ಮುಗಿಸಿದಾಗ ಪಂಪನಿಗೆ ವಯಸ್ಸೆಷ್ಟು? ಈ ಪ್ರಶ್ನೆಯನ್ನು ನಾನು ಪ್ರತಿ ತರಗತಿಯಲ್ಲಿಯೂ ಕೇಳುತ್ತಿದ್ದೆ. ಕಳೆಯುವ ಹುಡುಗರು 39 ಎನ್ನುತ್ತಿದ್ದರು. ಬೆರಳಿನ ಮೇಲೆ ಸಂವತ್ಸರಗಳನ್ನು ಎಣಿಸುವವರು 40 ಎನ್ನುತ್ತಿದ್ದರು. ಇಬ್ಬರಿಗೂ ಅಂಕ ಕೊಡುತ್ತಿದ್ದೆ.

ಈ ಲೆಕ್ಕ ನನಗೇ ಒಮ್ಮೆ ಮುಳುವಾಯಿತೆಂಬುದನ್ನು ಇಲ್ಲಿ ಹೇಳಬಹುದು. ನಾನು ಹುಟ್ಟಿದ್ದು ಹೇವಿಳಂಬಿ ಸಂವತ್ಸರದ ಮಾಘ ಮಾಸದಲ್ಲಿ, ಎಂದರೆ 1958ರ ಆರಂಭದಲ್ಲಿ. ಶಾಲೆಗೆ ಸೇರಿಸಿಕೊಂಡವರು ಜಾತಕದಲ್ಲಿ ಹೇವಿಳಂಬಿ ಎಂಬುದನ್ನು ಮಾತ್ರ ನೋಡಿ, ಹೇವಿಳಂಬಿಯೆಂದರೆ 1957 ಎಂದು ತೀರ್ಮಾನಿಸಿ, ಎಲ್ಲ ಮಕ್ಕಳಿಗೂ ಬರೆಯುತ್ತಿದ್ದಂತೆ ಜೂನ್ 1 ಎಂದು ಬರೆದುಬಿಟ್ಟರು. ಯುಗಾದಿಗೆ ಹುಟ್ಟುವ ವರ್ಷ ಜನವರಿಯನ್ನು ದಾಟಿಹೋಗುತ್ತದೆಂಬುದು ಅವರ ಗಮನಕ್ಕೆ ಬರಲಿಲ್ಲ. ಅದರ ಫಲವಾಗಿ ನಾನು ಎಂಟು ತಿಂಗಳು ಮೊದಲೇ ನಿವೃತ್ತನಾದೆ. ಆ ವರ್ಷದ ವಿದ್ಯಾರ್ಥಿಗಳಿಗೆ ಶಾಸನ ಪಾಠ ಹೇಳುವ ಭಾಗ್ಯ ಇಲ್ಲವಾಯಿತು. ಸಂಬಳಕ್ಕಿಂತ ಹೆಚ್ಚಾಗಿ ಅದೇ ಕೊರಗು. ಮುಂದೆ ಎಂದಾದರೂ ಯಾರಾದರೂ ಪಂಡಿತರು ನನ್ನ ಜಾತಕವನ್ನೂ ಸೇವಾ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟರೆ, ಈ ಹೆಸರಿನವರು ಇಬ್ಬರಿದ್ದರೆಂದು ಸಿದ್ಧಾಂತ ಮಾಡಿದರೂ ಆಶ್ಚರ್ಯವಿಲ್ಲ.

ಈಗ ಯೆಹೂದ್ಯರ ಅರಸರ ಕಡೆಗೆ ಬರೋಣ. ಸೊಲೊಮೋನನ ಮರಣಾನಂತರ ಅವನ ರಾಜ್ಯ ಎರಡಾಗಿ ಒಡೆಯಿತು. ಉತ್ತರದ ಇಸ್ರಾಯೇಲಿಗೆ ಯಾರೊಬ್ಬಾಮನು ಅರಸನಾದ, ದಕ್ಷಿಣದ ಯೆಹೂದಕ್ಕೆ ರೆಹಬ್ಬಾಮನು. ಸುಮಾರು ತೊಂಬತ್ತು ವರ್ಷಗಳ ತರುವಾಯ ಯೇಹು ಎಂಬ ಸೇನಾನಿ ದಂಗೆಯೆದ್ದು, ಇಸ್ರಾಯೇಲಿನ ಯೋರಾಮನನ್ನೂ ಯೆಹೂದದ ಅಹಜ್ಯನನ್ನೂ ಒಂದೇ ಸಂದರ್ಭದಲ್ಲಿ ಕೊಲ್ಲಿಸಿದ. ಎರಡು ವಂಶಾವಳಿಗಳೂ ಒಂದೇ ಕಾಲಕ್ಕೆ ಆರಂಭವಾಗಿ ಒಂದೇ ಕಾಲಕ್ಕೆ ಈ ಗಂಟಿಗೆ ಬಂದು ನಿಲ್ಲುತ್ತವೆ. ಎರಡರ ಮೊತ್ತವೂ ಸಮನಾಗಬೇಕು.

ಬರೆದುಕೊಳ್ಳಿ. ಇಸ್ರಾಯೇಲಿನಲ್ಲಿ ಯಾರೊಬ್ಬಾಮ 22, ನಾದಾಬ 2, ಬಾಷ 24, ಏಲ 2, ಒಮ್ರಿ 12, ಅಹಾಬ 22, ಅಹಜ್ಯ 2, ಯೋರಾಮ 12. ನಡುವೆ ಜಿಮ್ರಿ ಎಂಬವನು ಏಳೇ ದಿನ ಆಳಿದ, ಅವನನ್ನು ಬಿಡೋಣ. ಒಟ್ಟು 98. (ಈ ಅಹಜ್ಯ ಇಸ್ರಾಯೇಲಿನವನು. ಆರಂಭದಲ್ಲಿ ಹೇಳಿದ ಯೆಹೂದದ ಅಹಜ್ಯ ಬೇರೆ. ಎರಡು ಮನೆತನಗಳಲ್ಲಿಯೂ ಒಂದೇ ಹೆಸರುಗಳು. ನಮ್ಮ ಕೃಷ್ಣ, ಗೋವಿಂದರ ಪಾಡು ಅವರಿಗೂ ತಪ್ಪಿಲ್ಲ.) ಯೆಹೂದದಲ್ಲಿ ರೆಹಬ್ಬಾಮ 17, ಅಬೀಯಾಮ 3, ಆಸ 41, ಯೆಹೋಷಾಫಾಟ 25, ಯೆಹೋರಾಮ 8, ಅಹಜ್ಯ 1. ಒಟ್ಟು 95. ಮೂರು ವರ್ಷ ವ್ಯತ್ಯಾಸ ಬಂತು.

ಈ ತೊಡಕನ್ನು ಬಿಡಿಸುವುದರಲ್ಲಿ ಹೆಚ್ಚು ಶ್ರಮಿಸಿದವನು ಎಡ್ವಿನ್ ತೀಲೆ ಎಂಬ ಅಮೆರಿಕದ ವಿದ್ವಾಂಸ. ಹೀಬ್ರೂ ಅರಸರ ನಿಗೂಢ ಸಂಖ್ಯೆಗಳನ್ನು ಕುರಿತ ಅವನ ಗ್ರಂಥ 1951ರಲ್ಲಿ ಪ್ರಕಟವಾಯಿತು. ಅದನ್ನು ಓದಿದಾಗ, ನಮ್ಮ ಶಾಸನತಜ್ಞರ ಕಾರ್ಯಾಗಾರಕ್ಕೆ ಹೊಕ್ಕಂತೆಯೇ ನನಗೆ ಭಾಸವಾಯಿತು. ಅಲ್ಲಿರುವ ಉಪಕರಣಗಳೆಲ್ಲ ನಮಗೆ ಪರಿಚಿತವಾದವೇ.

ಮೊದಲನೆಯ ಉಪಕರಣ, ಅರಸನ ಮೊದಲನೆಯ ವರ್ಷ ಯಾವುದೆಂಬ ಪ್ರಶ್ನೆ. ಹಳೆಯ ಅರಸ ವರ್ಷದ ನಡುವೆ ಸತ್ತು ಹೊಸಬ ಪಟ್ಟಕ್ಕೆ ಬಂದನೆನ್ನಿ. ಉಳಿದ ನಾಲ್ಕು ತಿಂಗಳನ್ನು ಏನೆಂದು ಕರೆಯಬೇಕು? ಬಾಬೆಲಿನವರು ಅದನ್ನು ‘ಪಟ್ಟಕ್ಕೆ ಬಂದ ವರ್ಷ’ ಎಂದು ಮಾತ್ರ ಕರೆದು, ಮುಂದಿನ ವರ್ಷಾರಂಭದಿಂದ ಒಂದು ಎಂದು ಎಣಿಸುತ್ತಿದ್ದರು. ಈಜಿಪ್ಟಿನವರು ಆ ನಾಲ್ಕು ತಿಂಗಳನ್ನೇ ಮೊದಲನೆಯ ವರ್ಷವೆಂದು, ಹೊಸ ವರ್ಷ ಬಂದೊಡನೆ ಎರಡನೆಯದೆಂದು ಎಣಿಸುತ್ತಿದ್ದರು. ನಮ್ಮಲ್ಲಿ ಆರನೆಯ ವಿಕ್ರಮಾದಿತ್ಯನು ಶಕವರ್ಷವನ್ನು ಬದಿಗಿಟ್ಟು ತನ್ನ ಹೆಸರಿನಲ್ಲಿ ಚಾಲುಕ್ಯ ವಿಕ್ರಮ ವರ್ಷವನ್ನು ಸ್ಥಾಪಿಸಿದಾಗ, 1076ರ ನಳ ಸಂವತ್ಸರವೇ ಅದರ ಮೊದಲನೆಯ ವರ್ಷವಾಯಿತು.

ಎರಡನೆಯ ಪದ್ಧತಿಯಲ್ಲಿ ಅರಸನಿಂದ ಅರಸನಿಗೆ ರಾಜ್ಯ ಹೋದಾಗಲೆಲ್ಲ ಒಂದು ವರ್ಷ ಎರಡು ಸಲ ಎಣಿಕೆಗೆ ಬರುತ್ತದೆ. ಸತ್ತವನ ಕೊನೆಯ ವರ್ಷವೂ ಅದೇ, ಬಂದವನ ಮೊದಲ ವರ್ಷವೂ ಅದೇ. ಉತ್ತರದ ಇಸ್ರಾಯೇಲಿನವರು ಈ ಪದ್ಧತಿಯವರು, ದಕ್ಷಿಣದ ಯೆಹೂದದವರು ಮೊದಮೊದಲು ಬಾಬೆಲಿನ ಪದ್ಧತಿಯವರು ಎಂಬುದು ತೀಲೆಯ ನಿರ್ಣಯ. ನಾನು ಹಂಗಿಸಲು ಎತ್ತಿಕೊಂಡಿದ್ದ 12 ಮತ್ತು 11ರ ರಹಸ್ಯ ಇದೇ. ಯೋರಾಮನ ಆ ವರ್ಷ ಉತ್ತರದ ಲೆಕ್ಕದಲ್ಲಿ ಹನ್ನೆರಡನೆಯದು, ದಕ್ಷಿಣದ ಹಳೆಯ ಲೆಕ್ಕದಲ್ಲಿ ಹನ್ನೊಂದನೆಯದು. ಗ್ರಂಥವನ್ನು ಕ್ರೋಡೀಕರಿಸಿದವನ ಮುಂದೆ ಎರಡು ಮೂಲಗಳಿದ್ದವು. ಎರಡನ್ನೂ ತಿದ್ದದೆ ಉಳಿಸಿಕೊಂಡ. ನಮ್ಮ ಕಾಲದ ಸಂಪಾದಕನಾಗಿದ್ದರೆ ಒಂದನ್ನು ಹೊಡೆದುಹಾಕಿ, ಸಮಸ್ಯೆಯ ಜೊತೆಗೆ ಸಾಕ್ಷ್ಯವನ್ನೂ ನಾಶಮಾಡುತ್ತಿದ್ದ.

ಇದು ತೀಲೆಯ ಜಾಣತನ ಮಾತ್ರವೋ, ನಿಜವೋ? ಇಲ್ಲಿ ಅಶ್ಶೂರ ದೇಶದ ಶಾಸನಗಳು ನೆರವಿಗೆ ಬರುತ್ತವೆ. ಅಶ್ಶೂರರು ಪ್ರತಿ ವರ್ಷಕ್ಕೂ ಒಬ್ಬ ಅಧಿಕಾರಿಯ ಹೆಸರಿಟ್ಟು, ಆ ಹೆಸರುಗಳ ಪಟ್ಟಿಯನ್ನು ಬರೆದಿಟ್ಟಿದ್ದರು; ನಮ್ಮ ಪ್ರಭವ ವಿಭವಗಳ ಹಾಗೆ, ಆದರೆ ಮತ್ತೆ ತಿರುಗಿ ಬಾರದ ಹೆಸರುಗಳು. ಅಂಥ ಒಂದು ವರ್ಷದ ಎದುರಿಗೆ ಸೂರ್ಯಗ್ರಹಣವಾಯಿತೆಂದು ಬರೆದಿದೆ. ಖಗೋಳ ಗಣಿತದಿಂದ ಅದು ಕ್ರಿ.ಪೂ. 763ರ ಜೂನ್ 15ರ ಗ್ರಹಣವೆಂದು ಗೊತ್ತಾದ ಮೇಲೆ ಪಟ್ಟಿಯ ಉಳಿದ ವರ್ಷಗಳೆಲ್ಲ ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತವು. ಮೂರನೆಯ ಶಲ್ಮನೇಸರನು ತನ್ನ 6ನೆಯ ವರ್ಷದಲ್ಲಿ, ಎಂದರೆ ಕ್ರಿ.ಪೂ. 853ರಲ್ಲಿ, ಕರ್ಕರ್ ಎಂಬಲ್ಲಿ ಹೋರಾಡಿದಾಗ ಎದುರಾಳಿಗಳಲ್ಲಿ ಇಸ್ರಾಯೇಲಿನ ಅಹಾಬನೂ ಇದ್ದನೆಂದು ಅವನ ಶಿಲಾಶಾಸನ ಹೇಳುತ್ತದೆ. ಅದೇ ಶಲ್ಮನೇಸರನಿಗೆ 18ನೆಯ ವರ್ಷದಲ್ಲಿ, ಕ್ರಿ.ಪೂ. 841ರಲ್ಲಿ, ಯೇಹು ಕಪ್ಪ ಒಪ್ಪಿಸಿದ್ದಾನೆ. ನಡುವಣ ಅಂತರ 12 ವರ್ಷ. ಆದರೆ ಅಹಾಬನಿಗೂ ಯೇಹುವಿಗೂ ನಡುವೆ ಆಳಿದವರು ಅಹಜ್ಯ 2 ವರ್ಷ, ಯೋರಾಮ 12 ವರ್ಷ: ಒಟ್ಟು 14. ಎರಡು ವರ್ಷ ಹೆಚ್ಚು. ಉತ್ತರದ ಪದ್ಧತಿಯಂತೆ ಒಬ್ಬೊಬ್ಬನಿಗೆ ಒಂದೊಂದು ವರ್ಷವನ್ನು ಕಳೆಯಿರಿ. ಸರಿಯಾಗಿ 12 ಉಳಿಯುತ್ತದೆ. ಬೈಬಲನ್ನು ಎಂದೂ ಕಾಣದ ಅಶ್ಶೂರದ ಕಲ್ಲುಕುಟಿಗನೊಬ್ಬ ಬೈಬಲಿನ ಲೆಕ್ಕಕ್ಕೆ ಸಾಕ್ಷಿ ನುಡಿದದ್ದನ್ನು ನಾನು ಮೊದಲ ಬಾರಿ ಕಾಗದದ ಮೇಲೆ ಕಂಡಾಗ ರಾತ್ರಿ ಹನ್ನೊಂದು ಗಂಟೆ. ಮನೆಯಲ್ಲಿ ಯಾರನ್ನು ಎಬ್ಬಿಸಿ ಹೇಳಲೆಂದು ತೋಚದೆ ಅಂಗಳದಲ್ಲಿ ಅಡ್ಡಾಡಿದೆ.

ಎರಡನೆಯ ಉಪಕರಣ ತಂದೆಮಕ್ಕಳ ಜಂಟಿ ಆಳ್ವಿಕೆ. ಇದಕ್ಕೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಚಿಕ್ಕಬಳ್ಳಾಪುರವು 2007ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ನಾವೆಲ್ಲ ಕೋಲಾರದವರು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ತಮಿಳು ಶಾಸನಗಳಿವೆ. ಅವನ ತಂದೆ ರಾಜರಾಜ 985ರಲ್ಲಿ ಪಟ್ಟಕ್ಕೆ ಬಂದು 1014ರವರೆಗೆ ಆಳಿದ. ಆದರೆ ರಾಜೇಂದ್ರನು ತನ್ನ ಆಳ್ವಿಕೆಯ ವರ್ಷಗಳನ್ನು ಎಣಿಸಿದ್ದು 1014ರಿಂದಲ್ಲ. ತಂದೆಯೊಡನೆ ಸಹಾಧಿಕಾರ ಪಡೆದ 1012ರಿಂದ. ಅವನ ಮಗ ರಾಜಾಧಿರಾಜ ಇನ್ನೂ ಮುಂದೆ ಹೋದ. ತಂದೆ 1044ರವರೆಗೆ ಆಳುತ್ತಿದ್ದಾಗಲೇ ಇವನು 1018ರಿಂದ ತನ್ನ ವರ್ಷಗಳನ್ನು ಎಣಿಸತೊಡಗಿದ್ದ. ತಂದೆಯ ವರ್ಷಗಳಿಗೆ ಮಗನ ವರ್ಷಗಳನ್ನು ಕೂಡಿಸಿದರೆ ಇಪ್ಪತ್ತಾರು ವರ್ಷ ಎರಡು ಸಲ ಬರುತ್ತದೆ. ಹೀಗಾಯಿತೆಂದು ಚೋಳರ ಶಾಸನಗಳು ಸುಳ್ಳೆಂದು ಯಾರಾದರೂ ಹೇಳಿದ್ದುಂಟೆ?

ಯೆಹೂದದಲ್ಲಿ ಆದದ್ದೂ ಇದೇ. ಇಸ್ರಾಯೇಲಿನ ಯೋರಾಮನು ಪಟ್ಟಕ್ಕೆ ಬಂದದ್ದು ಯೆಹೋಷಾಫಾಟನ 18ನೆಯ ವರ್ಷದಲ್ಲಿ ಎಂದು ಒಂದು ಕಡೆ ಇದೆ. ಯೆಹೋಷಾಫಾಟನ ಮಗ ಯೆಹೋರಾಮನ 2ನೆಯ ವರ್ಷದಲ್ಲಿ ಎಂದು ಇನ್ನೊಂದು ಕಡೆ. ಅಷ್ಟು ಸಾಲದೆಂಬಂತೆ, ಆ ಯೆಹೋರಾಮನೇ ಪಟ್ಟಕ್ಕೆ ಬಂದದ್ದು ಯೋರಾಮನ 5ನೆಯ ವರ್ಷದಲ್ಲಿ ಎಂದು ಮತ್ತೊಂದು ಕಡೆ. ಮೊದಲು ನೋಡಿದಾಗ ಇದು ಶುದ್ಧ ಗೊಂದಲ. ಆದರೆ ಮಗನಿಗೆ ತಂದೆಯ 17ನೆಯ ವರ್ಷದಲ್ಲಿಯೇ ಸಹಾಧಿಕಾರ ಬಂದಿತ್ತೆಂದು ಇಟ್ಟುಕೊಂಡರೆ, ತಂದೆಯ 18 ಮತ್ತು ಮಗನ 2 ಒಂದೇ ವರ್ಷ; ಐದನೆಯ ವರ್ಷದಲ್ಲಿ ಎಂದದ್ದು ತಂದೆಯ ಮರಣಾನಂತರ ಅವನೊಬ್ಬನೇ ಅರಸನಾದ ಸಂದರ್ಭ. ಮೂರು ಹೇಳಿಕೆಗಳೂ ಒಂದರೊಳಗೊಂದು ಕೂಡುತ್ತವೆ.

ಇನ್ನು 98 ಮತ್ತು 95ರ ಲೆಕ್ಕ ಮುಗಿಸಬಹುದು. ಇಸ್ರಾಯೇಲಿನ ಎಂಟು ಅರಸರಿಗೆ ಒಂದೊಂದರಂತೆ 8 ಕಳೆದರೆ 90. ಯೆಹೂದದಲ್ಲಿ ಆಸನು ತನ್ನ 39ನೆಯ ವರ್ಷದಲ್ಲಿ ಕಾಲಿನ ರೋಗದಿಂದ ಹಾಸಿಗೆ ಹಿಡಿದನೆಂದು ಗ್ರಂಥದಲ್ಲಿಯೇ ಇದೆ. ಆಗ ಮಗ ಯೆಹೋಷಾಫಾಟ ಜೊತೆಗೆ ಆಳತೊಡಗಿದನೆಂದರೆ 39, 40, 41 ಹೀಗೆ ಮೂರು ವರ್ಷ ಎರಡು ಸಲ ಎಣಿಕೆಗೆ ಬಂದಿವೆ. ಅವನ್ನು ಕಳೆದರೆ 92. ಮುಂದಿನ ಯೆಹೋರಾಮನು ಅಹಾಬನ ಮನೆತನದ ಹೆಣ್ಣನ್ನು ಮದುವೆಯಾದವನು. ಮಾವನ ಮನೆಯ ಕಾಲಗಣನೆ ಯೆರೂಸಲೇಮಿಗೂ ಬಂದಿತು. ಆದ್ದರಿಂದ ಅವನಿಗೊಂದು, ಅವನ ಮಗ ಅಹಜ್ಯನಿಗೊಂದು ಕಳೆಯಬೇಕು. ಇಲ್ಲಿಯೂ 90. ಯೇಹುವಿನ ಕ್ರಿ.ಪೂ. 841ರಿಂದ 90 ವರ್ಷ ಹಿಂದೆ ಸರಿದರೆ ರಾಜ್ಯ ಒಡೆದ ವರ್ಷ 931 ಎಂದು ಬರುತ್ತದೆ.

ಮೂರನೆಯ ಉಪಕರಣ ವರ್ಷಾರಂಭದ ತಿಂಗಳು. ನಮ್ಮಲ್ಲಿಯೇ ಯುಗಾದಿಗೊಂದು ವರ್ಷ, ಗುಜರಾತಿನ ವರ್ತಕರಿಗೆ ದೀಪಾವಳಿಗೊಂದು, ಸರ್ಕಾರಕ್ಕೆ ಏಪ್ರಿಲಿನಲ್ಲೊಂದು, ಶಾಲೆಗೆ ಜೂನಿನಲ್ಲೊಂದು. ಯೆಹೂದ್ಯರಲ್ಲಿ ನಮ್ಮ ಚೈತ್ರದ ಸುಮಾರಿಗೆ ಬರುವ ನಿಸಾನ್ ತಿಂಗಳಿಂದ ಒಂದು, ಶರತ್ಕಾಲದ ತಿಶ್ರೀ ತಿಂಗಳಿಂದ ಇನ್ನೊಂದು. ನೆಹೆಮೀಯನ ಪುಸ್ತಕ ಅರಸನ 20ನೆಯ ವರ್ಷದ ಕಿಸ್ಲೇವ್ ತಿಂಗಳಲ್ಲಿ ಆರಂಭವಾಗುತ್ತದೆ. ಕಿಸ್ಲೇವ್ ಚಳಿಗಾಲದ್ದು. ಅನಂತರ ನಿಸಾನ್ ಬಂದರೂ ಅವನ ಬಾಯಲ್ಲಿ ಇನ್ನೂ 20ನೆಯ ವರ್ಷವೇ. ನಿಸಾನಿನಿಂದ ಎಣಿಸುವವನಾಗಿದ್ದರೆ 21 ಎನ್ನಬೇಕಿತ್ತು. ಅವನು ತಿಶ್ರೀಯಿಂದ ಎಣಿಸುತ್ತಿದ್ದ, ಅಷ್ಟೆ.

ಯೆರೂಸಲೇಮಿನ ಪತನದ ವಿಚಾರ ಇನ್ನೂ ಸ್ವಾರಸ್ಯದ್ದು. ಯೆಹೋಯಾಖೀನ ಅರಸನು ಸೆರೆಯಾದದ್ದು ನೆಬೂಕದ್ನೆಚ್ಚರನ 8ನೆಯ ವರ್ಷದಲ್ಲಿ ಎಂದು ‘ಅರಸುಗಳು’ ಹೇಳಿದರೆ, ಯೆರೆಮೀಯನ ಪುಸ್ತಕದ ಕೊನೆಯ ಅಧ್ಯಾಯ ಜನರನ್ನು ಸೆರೆಯೊಯ್ದದ್ದು 7ನೆಯ ವರ್ಷದಲ್ಲಿ ಎನ್ನುತ್ತದೆ. 1956ರಲ್ಲಿ ಡಿ. ಜೆ. ವೈಸ್‌ಮನ್ ಎಂಬ ವಿದ್ವಾಂಸ ಬಾಬೆಲಿನ ಜೇಡಿಮಣ್ಣಿನ ಫಲಕಗಳನ್ನು ಓದಿ ಪ್ರಕಟಿಸಿದ. ಅದರಲ್ಲಿ ನಗರ ವಶವಾದ ದಿನವೇ ಇದೆ: 7ನೆಯ ವರ್ಷ, ಅದಾರ್ ತಿಂಗಳ ಎರಡನೆಯ ದಿನ, ಎಂದರೆ ಕ್ರಿ.ಪೂ. 597ರ ಮಾರ್ಚ್ 16. ಏಳು ಎಂದವನು ಬಾಬೆಲಿನ ಲೆಕ್ಕ ಬರೆದ, ಎಂಟು ಎಂದವನು ತನ್ನ ಊರಿನ ಲೆಕ್ಕ ಬರೆದ. ಸೆರೆಯಾಗಿ ಹೋದವರಿಗೂ ಊರಿನಲ್ಲಿ ಉಳಿದವರಿಗೂ ಪಂಚಾಂಗ ಬೇರೆಯಾಯಿತೆಂಬುದನ್ನು ನೆನೆದಾಗ, ಈ ಒಂದು ವರ್ಷದ ಅಂತರ ನನಗೆ ಬರಿಯ ಅಂಕಿಯಾಗಿ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ, ಎಲ್ಲವೂ ಹೀಗೆಯೇ ಬಗೆಹರಿಯುತ್ತದೆಂದು ಹೇಳಿದರೆ ನಾನು ಶಾಸನ ಓದಿದವನೆನಿಸಿಕೊಳ್ಳುವುದಿಲ್ಲ. ಯೆಹೂದದ ಅಹಜ್ಯನು ಪಟ್ಟಕ್ಕೆ ಬಂದಾಗ 22 ವರ್ಷದವನೆಂದು ‘ಅರಸುಗಳು’ ಹೇಳುತ್ತದೆ. ‘ಪೂರ್ವಕಾಲವೃತ್ತಾಂತ’ದ ಹೀಬ್ರೂ ಪಾಠದಲ್ಲಿ 42 ಎಂದಿದೆ. ಅವನ ತಂದೆ 32ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು 8 ವರ್ಷ ಆಳಿ ತೀರಿಕೊಂಡನೆಂದು ಅಲ್ಲಿಯೇ ಹಿಂದಿನ ಅಧ್ಯಾಯದಲ್ಲಿದೆ. ನಲವತ್ತಕ್ಕೆ ಸತ್ತ ತಂದೆಗೆ ನಲವತ್ತೆರಡರ ಮಗ! ಇಲ್ಲಿ ಯಾವ ಪಂಚಾಂಗವನ್ನು ತಂದರೂ ಪ್ರಯೋಜನವಿಲ್ಲ. ಪ್ರತಿ ಮಾಡಿದವನ ಕೈತಪ್ಪೆಂದು ಒಪ್ಪಿಕೊಳ್ಳುವುದೇ ಮರ್ಯಾದೆ. ಪ್ರಾಚೀನ ಸಿರಿಯಾಕ್ ಅನುವಾದದಲ್ಲಿ ಈ ಸ್ಥಳದಲ್ಲಿ 22 ಎಂದೇ ಇದೆ. ಓಲೆಗರಿಗಳ ಪಾಠಾಂತರಗಳಲ್ಲಿ ಕಣ್ಣು ಸವೆಸಿದ ನಮಗೆ ಇದರಲ್ಲಿ ಆಘಾತವೇನೂ ಇಲ್ಲ. ಆದರೆ ಈ 42ನ್ನು ಅವನ ವಯಸ್ಸಲ್ಲ, ಅವನ ಅಜ್ಜನ ವಂಶದ ವಯಸ್ಸೆಂದು ವ್ಯಾಖ್ಯಾನ ಹೂಡಿ ಉಳಿಸಲು ಹೊರಟವರಿದ್ದಾರೆ. ಅಂಥ ಸಮರ್ಥನೆಗಿಂತ ನನ್ನ ಹಳೆಯ ಕುಹಕವೇ ವಾಸಿಯೇನೋ.

ಇನ್ನೊಂದು ಗಟ್ಟಿ ಗಂಟಿದೆ. ಸಮಾರ್ಯ ಪಟ್ಟಣ ಬಿದ್ದದ್ದು ಹಿಜ್ಕೀಯನೆಂಬ ಯೆಹೂದದ ಅರಸನ 6ನೆಯ ವರ್ಷದಲ್ಲಿ, ಅಶ್ಶೂರದ ಸನ್ಹೇರೀಬ ದಂಡೆತ್ತಿ ಬಂದದ್ದು ಅದೇ ಹಿಜ್ಕೀಯನ 14ನೆಯ ವರ್ಷದಲ್ಲಿ ಎಂದಿದೆ. ಅಂತರ ಎಂಟು ವರ್ಷ. ಆದರೆ ಸಮಾರ್ಯ ಬಿದ್ದದ್ದು ಕ್ರಿ.ಪೂ. 722ರ ಸುಮಾರಿಗೆ, ಸನ್ಹೇರೀಬ ಬಂದದ್ದು 701ರಲ್ಲಿ. ಇಷ್ಟೆಲ್ಲ ಬಿಡಿಸಿದ ತೀಲೆಯೇ ಇಲ್ಲಿ ಕೈಚೆಲ್ಲಿ, ಹಿಜ್ಕೀಯನ ಆರಂಭದ ವರ್ಷಗಳ ಹೋಲಿಕೆಯನ್ನು ಅನಂತರದವನೊಬ್ಬ ತಪ್ಪು ತಿಳಿದು ಸೇರಿಸಿದನೆಂದ. ಅವನ ಅನುಯಾಯಿಗಳು ಕೆಲವರು ಇಲ್ಲಿಯೂ ಒಂದು ಜಂಟಿ ಆಳ್ವಿಕೆಯನ್ನು ಕಲ್ಪಿಸಿ ಗುರುವನ್ನೇ ತಿದ್ದಿದರು. ತೀಲೆಯ ವಿರೋಧಿಗಳಾದರೋ, ಬೇಕಾದಲ್ಲೆಲ್ಲ ಒಂದು ಜಂಟಿ ಆಳ್ವಿಕೆಯನ್ನು ಊಹಿಸಿಕೊಂಡರೆ ಯಾವ ಲೆಕ್ಕವನ್ನಾದರೂ ಸರಿದೂಗಿಸಬಹುದೆಂದು ಆಕ್ಷೇಪಿಸುತ್ತಾರೆ. ಆ ಆಕ್ಷೇಪಣೆಯಲ್ಲಿ ಬಲವಿದೆ. ಆಸನ ಕಾಲುರೋಗದಂಥ ಆಧಾರ ಗ್ರಂಥದಲ್ಲಿಯೇ ಇರುವ ಕಡೆ ನಾನು ತೀಲೆಯ ಪಕ್ಷ. ಆಧಾರವಿಲ್ಲದ ಕಡೆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಡಬೇಕೆಂಬುದು ನನ್ನ ಮತ.

ಈ ಮಾತಿಗೆ ನನಗೆ ಆದರ್ಶ ಬಿ. ಎಲ್. ರೈಸ್. ಬೆಂಗಳೂರಿನ ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಇಲ್ಲಿಯೇ ಹುಟ್ಟಿದವರು. ಮನೆಯಲ್ಲಿ ಬೈಬಲನ್ನೂ ಹೊರಗೆ ಕಲ್ಲುಗಳನ್ನೂ ಓದಿ ಬೆಳೆದರು. ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ, ಕೋಲಾರ ಜಿಲ್ಲೆಯದು, 1905ರಲ್ಲಿ ಹೊರಬಂತು. ಚಿಂತಾಮಣಿ ತಾಲ್ಲೂಕಿನ ಶಾಸನಗಳು ಅದರಲ್ಲಿಯೇ ಇವೆ. ಕಾಲ ನಿಶ್ಚಿತವಲ್ಲದ ಶಾಸನಗಳಿಗೆ ರೈಸ್ ಸುಮಾರು ಇಸವಿಯೊಂದನ್ನು ಬರೆದು ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದರು. ಅವರು ಕೊಟ್ಟ ಎಷ್ಟೋ ಇಸವಿಗಳನ್ನು ಮುಂದಿನವರು ತಿದ್ದಿದ್ದಾರೆ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ತಿದ್ದಿದವರಿಲ್ಲ.

ನಿವೃತ್ತನಾದ ಮೇಲೆ, ಈ ಲೆಕ್ಕಗಳನ್ನೆಲ್ಲ ಎರಡು ಹಾಳೆಗಳಲ್ಲಿ ಬರೆದುಕೊಂಡು, ಆ ಹಿರಿಯ ಸಹೋದ್ಯೋಗಿಯ ಮನೆಗೆ ಹೋದೆ. ಅವರಿಗೆ ಎಂಬತ್ತು ದಾಟಿತ್ತು. ನನ್ನ ಹಳೆಯ ಪ್ರಶ್ನೆಯನ್ನು ಅವರು ಮರೆತಿರಬಹುದೆಂದುಕೊಂಡಿದ್ದೆ, ಮರೆತಿರಲಿಲ್ಲ. 12 ಮತ್ತು 11ರ ವಿವರಣೆಯನ್ನು ಕೇಳಿ, “ಉತ್ತರಕ್ಕೆ ಇಷ್ಟು ವರ್ಷ ತೆಗೆದುಕೊಂಡಿರಲ್ಲ ಮೇಷ್ಟ್ರೇ” ಎಂದು ನಕ್ಕರು. 98 ಮತ್ತು 95ನ್ನು ತಾವೇ ಮತ್ತೊಮ್ಮೆ ಕೂಡಿಸಿ ನೋಡಿದರು. ಆಮೇಲೆ ನಾನು 42ರ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನಿಂದ ತಮ್ಮ ಹಳೆಯ ಸತ್ಯವೇದವನ್ನು ತರಿಸಿ, ‘ಪೂರ್ವಕಾಲವೃತ್ತಾಂತ’ದ ಆ ಪುಟವನ್ನು ತೆಗೆದು, ಅಂಚಿನಲ್ಲಿ ಸೀಸದ ಕಡ್ಡಿಯಿಂದ 22 ಎಂದು ಬರೆದರು. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

“ನಿಮ್ಮ ರೈಸ್ ಸಾಹೇಬರ ಹಾಗೆ” ಎಂದರು. ಆಮೇಲೆ, “ಹಿಜ್ಕೀಯನದು ಇನ್ನೊಮ್ಮೆ ಹೇಳಿ” ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.